ಸುಣ್ಣದ ಬೊಟ್ಟು ಮೇಲಕ್ಕೆ

"ಹೊರಗಿನ ಬಾಗಿಲಿಗೆ ಇದು. ಒಳಗಿನ ಕಬ್ಬಿಣದ ಗೇಟಿಗೆ ಇದು."

ಅಮ್ಮಾವ್ರು ಕೀಲಿಗೊಂಚಲನ್ನು ಪತ್ತೇದಾರ ಗೂಬೆಯ ಅಂಗೈಗೆ ಹಾಕಹೊರಟವರು ಅರ್ಧದಲ್ಲೇ ತಡೆದರು. ಗೊಂಚಲಿನಿಂದ ಕಿರುಬೆರಳಷ್ಟು ಉದ್ದದ ಹಿತ್ತಾಳೆ ಕೀಲಿಯೊಂದನ್ನು ಬಿಡಿಸಿ ಮುಷ್ಟಿಯೊಳಗೆ ಇಟ್ಟುಕೊಂಡರು.

"ಇದು ನಿಮಗೆ ಬೇಡ. ಇದು ನನ್ನ ಸ್ವಂತದ್ದು."

"ಆಗಲಿ ಅಮ್ಮಾವ್ರೇ."

"ಕೆಳಗೆಲ್ಲ ಧೂಳು, ಅಂಗಿ ಜೋಪಾನ. ಬಾಟ್ಲಿ ಮೇಲೆ ಬಿಳೀ ಸುಣ್ಣದ ಬೊಟ್ಟು ಇರತ್ತಲ್ಲ, ವೈನಿನ ಗಷ್ಟು ಕೂತಿರೋದು ಆ ಕಡೆ. ಆ ಮಡ್ಡೀನ ಕದಡಿದ್ರೆ ತಾತ ನಿಮ್ಮನ್ನ ಸುಮ್ನೆ ಬಿಡಲ್ಲ."

ಹೀಗೆಂದು ಆಕೆ ನಗಲು ನೋಡಿದರು. ನಗು ತುಟಿಯವರೆಗೆ ಬಂದು ಹಿಂದಕ್ಕೆ ಹೋಯಿತು.

ಗೂಬೆ ಎಂಬುದು ಪತ್ತೇದಾರನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ರೆಪ್ಪೆ ಬಡಿಯದೆ ಎದುರಿನವರನ್ನು ನೋಡುತ್ತಾನೆಂದು ಠಾಣೆಯವರು ಕಟ್ಟಿದ್ದು. ಲಾರಿ ಗ್ಯಾರೇಜಿನಲ್ಲಿ ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದವನು ಈ ಕಸುಬಿಗೆ ಬಂದು ಆರು ವರ್ಷ. ಕೋಪ ಮಾತ್ರ ಗ್ಯಾರೇಜಿನದೇ. ಮೂಗಿನ ತುದಿಯಲ್ಲೇ ಇರುತ್ತದೆ.

ಈ ದೊಡ್ಡ ಮನೆಗೆ ಕಾಲಿಟ್ಟಾಗಿನಿಂದ ಆ ಕೋಪ ಇಳಿದಿರಲಿಲ್ಲ. ಭಾನುವಾರ ಮಧ್ಯಾಹ್ನದ ಊಟಕ್ಕೆ ದೊಡ್ಡೆಜಮಾನ ನಲವತ್ತು ವರ್ಷ ಹಳೆಯ ಕೆಂಪು ವೈನಿನ ಮೊದಲ ಗ್ಲಾಸು ಕುಡಿದು, ಎರಡನೆಯವರಿಗೆ ಸುರಿಯುವ ಮೊದಲೇ ಕುರ್ಚಿಯಲ್ಲಿ ಸತ್ತುಬಿದ್ದಿದ್ದ. ವೈನು ತುಂಬಿದ್ದ ಗಾಜಿನ ಹೂಜಿಯಲ್ಲಿ ವಿಷ ಸಿಕ್ಕಿತ್ತು. ಬಾಟಲಿ ತೆರೆದು ಹೂಜಿಗೆ ಸುರಿದವನು ನೆಲಮಾಳಿಗೆಯ ವೈನು ನೋಡಿಕೊಳ್ಳುವ ತಾತ. ಅಷ್ಟು ಸಾಕಾಯಿತು. ಐವತ್ತೊಂದು ವರ್ಷ ದುಡಿದವನ ಕೈಗೆ ಅದೇ ಸಂಜೆ ಕೋಳ ಬಿತ್ತು.

ತಾತ ನಿರಪರಾಧಿ ಎಂದವರು ಒಬ್ಬರೇ, ಅಮ್ಮಾವ್ರು. ಗಂಡ ಸತ್ತ ಮರುದಿನವೇ ಗೂಬೆಯ ಕೋಣೆಯ ಮೆಟ್ಟಿಲು ಹತ್ತಿ ಬಂದು, "ಆ ಮುದುಕ ಮಾಡಿಲ್ಲ. ಅದನ್ನ ಸಾಬೀತು ಮಾಡಿ," ಎಂದಿದ್ದರು. ಕಣ್ಣಲ್ಲಿ ಒಂದು ಹನಿ ಇರಲಿಲ್ಲ.

"ಒಂದು ಗಂಟೆಗೆ ಜೀಪು ಬರತ್ತೆ," ನೆಲಮಾಳಿಗೆಯ ಬಾಗಿಲಿಗೆ ಒರಗಿ ನಿಂತಿದ್ದ ಇನ್ಸ್‌ಪೆಕ್ಟರ್ ಎಂದ. "ಬಂದ್ರೆ ಮುದುಕ ಸೀದಾ ದೊಡ್ಡ ಜೈಲಿಗೆ. ಈಗ ಹನ್ನೆರಡೂ ಹತ್ತು. ನಿನ್ನ ನಾಟಕ ಏನಿದೆಯೋ ಮುಗಿಸು."

"ನಾಟಕ ನಿಮ್ಮದು ಸಾರ್. ನಾನು ಪರದೆ ಎಳೆಯೋನು ಅಷ್ಟೇ."

"ಬಾಯಿಗೇನೂ ಕಮ್ಮಿ ಇಲ್ಲ."

ಮೂವತ್ತೊಂದು ಮೆಟ್ಟಿಲು. ಹೊರಗೆ ಬಿಸಿಲಿಗೆ ರಸ್ತೆಯ ಟಾರು ಚಪ್ಪಲಿಗೆ ಅಂಟುತ್ತಿತ್ತು. ಹತ್ತನೇ ಮೆಟ್ಟಿಲಿಗೆ ಬೆವರು ಆರಿತು. ಇಪ್ಪತ್ತಕ್ಕೆ ತೋಳಿನ ರೋಮ ಎದ್ದವು. ಕೆಳಗಿಳಿದು ನಿಂತಾಗ ಗೂಬೆ ತನಗೇ ತಿಳಿಯದೆ ದನಿ ತಗ್ಗಿಸಿದ್ದ.

ಕಲ್ಲಿನ ಕಮಾನುಗಳು ಒಂದರ ಹಿಂದೊಂದು ಕತ್ತಲೆಗೆ ಹೋಗಿದ್ದವು. ಎರಡೂ ಬದಿಗೆ ಗೂಡುಗಳು. ಗೂಡಿನ ತುಂಬ ಮಲಗಿದ ಬಾಟಲಿಗಳು. ಧೂಳು ಹೊದ್ದ ಸಾವಿರಾರು ಬಾಟಲಿಗಳು ಉಸಿರು ಬಿಗಿಹಿಡಿದು ಮಲಗಿದಂತಿದ್ದವು. ತೇವಕ್ಕೆ ಚೀಟಿಗಳೆಲ್ಲ ಕರಗಿಹೋಗಿ, ಯಾವುದು ಯಾವ ವರ್ಷದ್ದು ಎಂದು ಹೇಳಲು ಉಳಿದಿದ್ದದ್ದು ಒಬ್ಬನ ನೆನಪು ಮಾತ್ರ. ಆ ಒಬ್ಬ ಈಗ ಕೋಳ ಹಾಕಿಸಿಕೊಂಡು ಪೀಪಾಯಿಯೊಂದರ ಮೇಲೆ ಕುಳಿತಿದ್ದ.

"ಕೋಳ ಬಿಚ್ಚಿ," ಎಂದ ಗೂಬೆ.

"ಯಾಕೆ?"

"ಭಾನುವಾರ ಮಾಡಿದ್ದನ್ನೇ ಇವತ್ತು ನಮ್ಮೆದುರಿಗೆ ಮಾಡಲಿ. ಅವತ್ತಿನ ಬಾಟ್ಲಿಗೆ ಒಂದು ಜೊತೆ ಇದೆ ಅಂದಿದ್ರಲ್ಲ ತಾತ?"

"ಹನ್ನೆರಡು ಇಟ್ಟಿದ್ದೆ, ಹತ್ತು ಹೋದವು. ಕೊನೇ ಎರಡರಲ್ಲಿ ಒಂದು ದೊಡ್ಡೆಜಮಾನ್ರಿಗೆ." ತಾತ ಮಣಿಕಟ್ಟು ತಿಕ್ಕಿಕೊಳ್ಳುತ್ತ ಎದ್ದ. ಮೊಣಕಾಲು ಲಟಕ್ಕೆಂದಿತು. "ಶುಕ್ರವಾರ ಬೆಳಿಗ್ಗೆ ಎಬ್ಬಿಸಿ ನಿಲ್ಲಿಸಿದ್ದೆ. ಎರಡು ದಿನ ನಿಂತ್ರೆ ಗಷ್ಟು ತಳಕ್ಕೆ ಹೋಗತ್ತೆ. ಭಾನುವಾರ ಬಿರಡೆ ತೆಗೆದೆ, ದೀಪ ಇಟ್ಟು ಹೂಜಿಗೆ ಬಗ್ಗಿಸಿದೆ. ಊಟದ ಮನೆ ಪಕ್ಕದ ಕೋಣೇಲಿ ಹದಿನೈದು ನಿಮಿಷ ಇಟ್ಟು, ತಟ್ಟೆಗಳು ಬಂದ್ವಾ ಅಂತ ನೋಡೋಕೆ ಹೋದೆ. ಅಷ್ಟೇ ಮಗ."

"ರುಚಿ ನೋಡಿದ್ರಾ?"

"ಮೊದಲ ಗುಟುಕು ಯಾವತ್ತೂ ನಂದೇ. ಕೆಟ್ಟಿದ್ರೆ ನನ್ನ ಬಾಯಲ್ಲೇ ನಿಲ್ಲಲಿ ಅಂತ."

"ಉಗಿದಿರ್ತಾನೆ," ಇನ್ಸ್‌ಪೆಕ್ಟರ್ ಮಧ್ಯೆ ಬಾಯಿ ಹಾಕಿದ. "ರುಚಿ ನೋಡೋರು ಉಗೀತಾರೆ. ನನಗೂ ಅಷ್ಟು ಗೊತ್ತು."

ತಾತ ಅವನ ಕಡೆ ತಿರುಗಿದ. ಮೂರು ದಿನದಲ್ಲಿ ಮೊದಲ ಬಾರಿ ಆ ಮುಖಕ್ಕೆ ರಕ್ತ ಬಂತು.

"ಎಳೇದನ್ನ ಉಗೀತೀನಿ ಸಾಹೇಬ್ರೇ, ದಿನಕ್ಕೆ ಇಪ್ಪತ್ತು ಸಲ. ನಲವತ್ತು ವರ್ಷದ್ದನ್ನ ಬಾಯಿಗೆ ಹಾಕ್ಕೊಂಡು ಉಗಿಯೋನು ಮನುಷ್ಯನಾ? ಶನಿವಾರ ಪೇಟೆಗೆ ಹೋಗಿ ಹಲ್ಲು ಕೀಳಿಸ್ಕೊಂಡಿದ್ದೆ. ಆ ಗಾಯದ ಬಾಯಲ್ಲೇ ನುಂಗಿದೆ."

ಗೂಬೆಗೆ ಬೇಕಾದದ್ದು ಇದೇ. ನುಂಗಿದ ಮುದುಕ ಬದುಕಿದ್ದಾನೆ. ಹಾಗಾದರೆ ತಾತ ಬಗ್ಗಿಸಿದ ವೈನು ಒಳ್ಳೆಯದೇ. ಆ ವಿಷ ವೈನಿನಲ್ಲಿ ಕರಗಲು ಒಂದು ರಾತ್ರಿಯಾದರೂ ಬೇಕೆಂದು ಪೊಲೀಸರ ವರದಿಯೇ ಹೇಳಿತ್ತು, ಹಾಗಾಗಿ ಯಜಮಾನನ ಗ್ಲಾಸಿಗೆ ಬಿದ್ದದ್ದು ಬೇರೆ ಹೂಜಿಯದು. ಆ ಮನೆಯಲ್ಲಿ ಹೂಜಿಗಳು ಜೋಡಿ. ವರ್ಷದಿಂದ ಮುಟ್ಟಿಲ್ಲ ಎಂದಿದ್ದ ಎರಡನೆಯದರ ತಳದಲ್ಲಿ ನಿನ್ನೆ ಅವನಿಗೆ ಕೆಂಪು ಕಲೆಯೊಂದು ಸಿಕ್ಕಿತ್ತು.

"ಹದಿನೈದು ನಿಮಿಷದಲ್ಲಿ ಯಾರೋ ಹೂಜಿ ಬದಲಾಯಿಸಿದ್ದಾರೆ ಸಾರ್."

"ಬದಲಾಯಿಸಿದ ಹೂಜೀಲಿ ಏನಿತ್ತು? ಅಂಗಡಿ ವೈನಾ?" ಇನ್ಸ್‌ಪೆಕ್ಟರ್ ಹಲ್ಲು ಕಿರಿದ. "ಸತ್ತವರ ಮೂಗು ಎಂಥದ್ದು ಅಂತ ಊರಿಗೆಲ್ಲ ಗೊತ್ತು. ಒಂದು ಹನಿ ಬೇರೆ ಇದ್ರೂ ಗ್ಲಾಸು ಗೋಡೆಗೆ ಹೊಡೀತಿದ್ರು."

"ಅದಕ್ಕೇ ಅಂತೀನಿ. ಅದೇ ವೈನ್ ಬೇಕಿತ್ತು. ಜೊತೆಯ ಬಾಟ್ಲಿ ಬೇಕಿತ್ತು."

ಇನ್ಸ್‌ಪೆಕ್ಟರ್‌ನ ನಗು ನಿಂತಿತು. ಎಡಗಡೆ ಗೂಡಿನತ್ತ ಬೆರಳು ತೋರಿದ. "ಜೊತೆಯದು ಅಲ್ಲೇ ಮಲಗಿದೆಯಲ್ಲೋ. ಸುಣ್ಣದ ಬೊಟ್ಟೂ ಇದೆ, ಧೂಳೂ ಇದೆ."

ಇದ್ದದ್ದು ನಿಜ. ಗೂಬೆಯ ಲೆಕ್ಕಾಚಾರವೆಲ್ಲ ಆ ಒಂದು ಬಾಟಲಿಯ ಮುಂದೆ ಬಂದು ಮುಗ್ಗರಿಸುತ್ತಿತ್ತು.

"ತಾತ, ತೆಗೀರಿ."

ತಾತ ಬೆತ್ತದ ಬುಟ್ಟಿಯೊಂದನ್ನು ತಂದ, ತೊಟ್ಟಿಲಿನಂತೆ ಓರೆಯಾಗಿದ್ದದ್ದು. ಗೂಡಿಗೆ ಕೈ ಹಾಕಿದ. ಗೂಬೆ ಬೆಚ್ಚಿ ನೋಡಿದ: ಕೋಳ ಬಿಚ್ಚುವಾಗ ಎಲೆಯಂತೆ ನಡುಗುತ್ತಿದ್ದ ಕೈಗಳು ಬಾಟಲಿ ಮುಟ್ಟಿದ್ದೇ ತಡ ಕಲ್ಲಾದವು. ಮಲಗಿದ್ದ ಬಾಟಲಿ ಮಲಗಿದ್ದಂತೆಯೇ, ಬೊಟ್ಟು ಮೇಲಾಗಿ, ಒಂದು ಕೂದಲೆಳೆಯಷ್ಟೂ ಹೊರಳದೆ ಬುಟ್ಟಿಗೆ ಬಂತು. ನಿದ್ದೆಯ ಮಗುವನ್ನು ಮಗ್ಗುಲು ಬದಲಿಸದೆ ಎತ್ತಿದ ಹಾಗೆ.

ಮೇಣದಬತ್ತಿ ಹಚ್ಚಿ ಬಾಟಲಿಯ ಹಿಂದೆ ಹಿಡಿದ. ಕಪ್ಪೆಂದು ಕಾಣುತ್ತಿದ್ದ ಗಾಜಿನೊಳಗೆ ಕೆಂಡದ ಬಣ್ಣ ಹೊತ್ತಿಕೊಂಡಿತು.

ತಾತ ಬತ್ತಿಯನ್ನು ಇನ್ನಷ್ಟು ಹತ್ತಿರ ತಂದು ಮತ್ತೊಮ್ಮೆ ನೋಡಿದ.

"ಏನು?" ಎಂದ ಗೂಬೆ.

"ಇದು ನನ್ನ ಬಾಟ್ಲಿ ಅಲ್ಲ."

"ಶುರುವಾಯ್ತಪ್ಪ," ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಂಡ.

ತಾತ ಗೂಬೆಯ ತಲೆ ಹಿಡಿದು ಬೆಳಕಿಗೆ ಬಗ್ಗಿಸಿದ. "ನೋಡು. ಬಾಟ್ಲಿ ವರ್ಷಗಟ್ಟಲೆ ಮಲಗಿದ್ರೆ ಗಷ್ಟು ಎಲ್ಲಿ ಕೂರತ್ತೆ? ಕೆಳಗಡೆ ಹೊಟ್ಟೇಲಿ. ಕೂತು ಕೂತು ಗಾಜಿಗೇ ಅಂಟ್ಕೊಳತ್ತೆ, ಪೊರೆ ಥರ. ಬಾಟ್ಲಿ ಜಾಗ ಬದಲಾಯಿಸುವಾಗ ಮಗ್ಗುಲು ತಪ್ಪಬಾರ್ದು ಅಂತ ಮೇಲುಗಡೆ ಸುಣ್ಣದ ಬೊಟ್ಟು ಇಡ್ತೀನಿ. ಬೊಟ್ಟು ಮೇಲೆ, ಗಷ್ಟು ಕೆಳಗೆ. ಇಲ್ಲಿ?"

ಗೂಬೆಗೆ ಕಂಡಿತು. ಬೊಟ್ಟಿನ ಸರಿ ಕೆಳಗೇ, ಗಾಜಿನ ಒಳಮೈಗೆ ಅಂಟಿ, ಕಪ್ಪು ಪೊರೆಯೊಂದು ಸೂರಿನ ಮಸಿಯಂತೆ ತೂಗುತ್ತಿತ್ತು.

ಬೇರೆ ಗೂಡಿನಿಂದ ಬೊಟ್ಟಿಲ್ಲದ ಬಾಟಲಿ ತಂದು, ಸುಣ್ಣ ಹಚ್ಚಿ, ಖಾಲಿಯಾದ ಜಾಗ ಮುಚ್ಚಿದ್ದಾರೆ. ಹಚ್ಚಿದವರಿಗೆ ಬೊಟ್ಟು ಏಕೆಂದು ಗೊತ್ತಿಲ್ಲ. ತಾತ ಪೇಟೆಗೆ ಹೋಗಿದ್ದ ಶನಿವಾರ ಅದಕ್ಕೆ ಬೇಕಾದಷ್ಟು ಸಮಯ ಇತ್ತು. ಗೂಬೆ ಬೆರಳಿಗೆ ಉಗುಳು ತಾಗಿಸಿ ಬೊಟ್ಟು ಉಜ್ಜಿದ. ಹಳದಿ ಬಣ್ಣ ಬೆರಳಿಗೆ ಬಂತು. ಮೂಸಿದ. ಟೀ ಡಿಕಾಕ್ಷನ್! ಹಳೆಯದಾಗಿ ಕಾಣಲೆಂದು ಸುಣ್ಣದ ಮೇಲೆ ಟೀ ಬಳಿದಿದ್ದರು.

"ಸಾರ್, ಐವತ್ತೊಂದು ವರ್ಷ ಬೊಟ್ಟು ಇಟ್ಟ ಕೈ ಈ ತಪ್ಪು ಮಾಡತ್ತಾ?"

ಇನ್ಸ್‌ಪೆಕ್ಟರ್ ಮೂಸಿದ. ತಾನೂ ಬೊಟ್ಟನ್ನು ಉಜ್ಜಿ ನೋಡಿದ.

"ಓಹೋ, ನೆಲಮಾಳಿಗೇಲಿ ಸಂತೆ!"

ಮೆಟ್ಟಿಲಲ್ಲಿ ಸಣ್ಣೆಜಮಾನ, ಸತ್ತವನ ತಮ್ಮ. ರೇಷ್ಮೆ ಕರವಸ್ತ್ರ, ಹೊಳೆಯುವ ಬೂಟು. ಅಣ್ಣ ಹೋದರೆ ಈ ಮನೆ, ತೋಟ, ನೆಲಮಾಳಿಗೆ ಎಲ್ಲ ಇವನದೇ. ಗೂಬೆ ಮೂರು ದಿನದಿಂದ ಹಲ್ಲು ಕಚ್ಚಿ ಕಾಯುತ್ತಿದ್ದದ್ದು ಈ ಮುಖಕ್ಕೆ.

"ಬನ್ನಿ ಬನ್ನಿ. ವೈನ್ ವಿಷಯದಲ್ಲಿ ನೀವು ಪಂಡಿತರಂತೆ. ಒಂದು ಸಣ್ಣ ಸಂಶಯ."

"ನಿನಗೆ ಸಂಶಯ ಬರೋದೂ ಸಾರಾಯಿ ವಿಷಯದಲ್ಲಿ ಅಂದ್ಕೊಂಡಿದ್ದೆ."

"ಸಾರಾಯಿ ಗಂಟಲಿಗಿಳಿದಾಗಲೇ ನಿಜ ಹೇಳತ್ತೆ ಯಜಮಾನ್ರೇ, ನಲವತ್ತು ವರ್ಷ ಕಾಯಿಸಲ್ಲ." ಗೂಬೆ ಬುಟ್ಟಿಗೆ ಬೆನ್ನು ಕೊಟ್ಟು ಅಡ್ಡ ನಿಂತ. "ಈ ಸುಣ್ಣದ ಬೊಟ್ಟು ಇರತ್ತಲ್ಲ. ಗಷ್ಟು ಯಾವ ಕಡೆ ಇದೆ ಅಂತ ತೋರಿಸೋ ಗುರುತು ತಾನೇ ಅದು?"

ಹೌದು ಎಂದುಬಿಡು, ಎಂದು ಗೂಬೆ ಮನಸ್ಸಿನಲ್ಲೇ ಬೇಡಿಕೊಂಡ. ಹೌದು ಅನ್ನು, ಆ ರೇಷ್ಮೆ ಬಟ್ಟೇಲೇ ನಿನ್ನ ಕೈ ಕಟ್ತೀನಿ.

ಸಣ್ಣೆಜಮಾನ ಗೊಳ್ಳೆಂದು ನಕ್ಕ.

"ಯಾವ ದಡ್ಡ ಹೇಳಿದ ನಿನಗೆ? ತಲೆಕೆಳಗು! ಬೊಟ್ಟು ಮೇಲಕ್ಕೆ, ಗಷ್ಟು ಅದರ ಎದುರಿಗೆ ಕೆಳಕ್ಕೆ. ಏಳು ವರ್ಷ ಇದ್ದಾಗ ತಾತ ನನ್ನ ಕಿವಿ ಹಿಂಡಿ ಕಲಿಸಿದ್ದು. ಅಲ್ವಾ ತಾತ?"

"ಹೂಂ. ಆಮೇಲೂ ಎರಡು ಸಲ ಹಿಂಡಬೇಕಾಯ್ತು."

"ಈ ಮನೇಲಿ ಹುಟ್ಟಿದ ಬೆಕ್ಕಿಗೂ ಗೊತ್ತಿರೋ ಮಾತಯ್ಯ ಇದು!"

ಗೂಬೆಯ ಕೋಪ ಗಾಳಿ ಹೋದ ಟೈರಿನಂತೆ ಕುಸಿಯಿತು. ಇವನಲ್ಲ. ಇಷ್ಟು ದಿನ ಸಾಕಿ ಸಲಹಿದ ಸಂಶಯ ಒಂದು ನಗೆಗೆ ಸತ್ತಿತು. ಆದರೆ ಆ ಕೊನೆಯ ಮಾತಿನಲ್ಲಿ ಏನೋ ಮುಳ್ಳು ಚುಚ್ಚಿದಂತಾಯಿತು. ಈ ಮನೇಲಿ ಹುಟ್ಟಿದ. ಮುಳ್ಳು ಎಲ್ಲಿ ನಾಟಿದೆ ಎಂದು ಮಾತ್ರ ಕೈಗೆ ಸಿಗಲಿಲ್ಲ.

"ಹನ್ನೆರಡೂ ನಲವತ್ತು," ಎಂದ ಇನ್ಸ್‌ಪೆಕ್ಟರ್. ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ. "ಬಾಟ್ಲಿ ಬದಲಾಗಿದೆ, ಒಪ್ಪಿದೆ. ಎಲ್ಲಿಂದ ಬಂತು ಹೇಳು, ಮುದುಕನ್ನ ಈಗಲೇ ಬಿಡ್ತೀನಿ. ಇಲ್ಲಿ ಸಾವಿರಾರು ಬಾಟ್ಲಿ ಇವೆ, ಒಂದಕ್ಕೂ ಚೀಟಿ ಇಲ್ಲ."

"ನನ್ನ ಗೂಡಲ್ಲಿ ಯಾವುದೂ ಕಮ್ಮಿ ಇಲ್ಲ," ತಾತ ಗೊಣಗಿದ. "ಖಾಲಿಯಾಗಿದ್ರೆ ನನ್ನ ಕಣ್ಣು ತಪ್ಪತ್ತಾ?"

"ಹಾಗಾದ್ರೆ ಬಾಟ್ಲಿನೇ ಕೇಳೋಣ," ಎಂದ ಗೂಬೆ. "ತೆಗೀತೀರಾ ತಾತ?"

ತಾತ ಅರಗನ್ನು ಚಾಕುವಿನ ಬೆನ್ನಿನಿಂದ ತಟ್ಟಿ ಉದುರಿಸಿದ. ಬಾಯಿ ಒರೆಸಿದ. ಪೊರೆ ಕೆಳಕ್ಕೆ ಬರುವಂತೆ ಬಾಟಲಿಯನ್ನು ಬುಟ್ಟಿಯಲ್ಲೇ ಅರ್ಧ ಸುತ್ತು ಹೊರಳಿಸಿದ. ಅದಕ್ಕೇ ಐದು ನಿಮಿಷ ಹಿಡಿಯಿತು. ಗಡಿಯಾರದ ಮುಳ್ಳು ಸರಿದದ್ದು ಕಾಣಬಹುದು, ಆ ಬೆರಳು ಸರಿದದ್ದು ಕಾಣುತ್ತಿರಲಿಲ್ಲ. ಬಿರಡೆಗೆ ತಿರುಪು ಇಳಿಸಿ ಎಳೆದ. ಉದ್ದನೆಯ ಬಿರಡೆ, ಮುಕ್ಕಾಲು ಭಾಗ ನೇರಳೆಗಪ್ಪು, ಸದ್ದೇ ಇಲ್ಲದೆ ಹೊರಬಂತು.

ಬತ್ತಿಯನ್ನು ಬಾಟಲಿಯ ಕತ್ತಿನ ಕೆಳಗಿಟ್ಟು ಹೂಜಿಗೆ ಬಗ್ಗಿಸತೊಡಗಿದ. ನೂಲಿನಂಥ ಧಾರೆ. ನಡುವೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಗಷ್ಟು ಎದ್ದೀತು. ಉಳಿದ ಮೂವರೂ ಬಾಯಿ ತೆರೆದು ನೋಡುತ್ತ ನಿಂತರು. ಕೊನೆಗೆ ಕತ್ತಿನ ಬೆಳಕಿನೊಳಗೆ ಹೊಗೆಯಂಥ ಕಪ್ಪು ಎಳೆಯೊಂದು ಹಾವಿನಂತೆ ತಲೆ ಹಾಕಿತು. ತಾತನ ಕೈ ಅಲ್ಲೇ ನಿಂತಿತು.

"ಉಳಿದದ್ದು?" ಎಂದ ಗೂಬೆ.

"ಗಷ್ಟು. ಅದು ನಮ್ಮಂಥವರಿಗೆ."

ಗ್ಲಾಸಿನ ಮೂರನೇ ಒಂದು ಪಾಲು ತುಂಬಿ ತಾತ ಬೆಳಕಿಗೆ ಓರೆ ಹಿಡಿದ. ನಡುವೆ ದಾಳಿಂಬೆ, ಅಂಚಿಗೆ ಬರುಬರುತ್ತ ಹಳೇ ಹೆಂಚಿನ ಬಣ್ಣ. ಮೂಸಿದ. ಕಣ್ಣು ಮುಚ್ಚಿದ. ಗುಟುಕು ಬಾಯಲ್ಲಿ ಹೊರಳಿಸಿ ನುಂಗಿದ. ಆಮೇಲೆ ಗ್ಲಾಸನ್ನು ಗೂಬೆಗೆ ಕೊಟ್ಟ.

"ಕುಡಿ ಮಗ. ಅವಸರ ಮಾಡಬೇಡ. ಇದು ಇಷ್ಟು ವರ್ಷ ಯಾರ ಹತ್ರಾನೂ ಮಾತಾಡಿಲ್ಲ."

ಗೂಬೆ ಅಸಡ್ಡೆಯಿಂದಲೇ ಮೂಗಿನ ಹತ್ತಿರ ತಂದ. ದೊಡ್ಡವರ ಶೋಕಿಯೆಂದು ಉಗಿಯಲು ಮಾತೊಂದನ್ನು ರೆಡಿ ಮಾಡಿಕೊಂಡಿದ್ದ. ಆ ಮಾತು ಹೊರಡಲೇ ಇಲ್ಲ.

ಮೊದಲು ಮಳೆ ಬಿದ್ದ ಮಣ್ಣು. ಅದು ಅಂತ ಗುರುತಿಸುವಷ್ಟರಲ್ಲಿ ಒಣಗಿದ ಎಲೆ. ಆಮೇಲೆ ಹಳೇ ಚರ್ಮದ ಚೀಲ, ಅಪ್ಪ ಸ್ಪ್ಯಾನರ್ ತುಂಬಿ ಹೆಗಲಿಗೆ ಹಾಕುತ್ತಿದ್ದ ಚೀಲ. ಬಾಯಿಗೆ ಬಿದ್ದಾಗ ಒಗರಿಲ್ಲ, ಸಿಟ್ಟಿಲ್ಲ. ಎಲ್ಲವೂ ಕೂತು, ತಿಳಿಯಾಗಿ, ನಾಲಿಗೆಯ ಮೇಲೆ ರೇಷ್ಮೆ ಹಾಸಿದಂತೆ ಹೋಯಿತು. ಹೋದಮೇಲೂ ಹೋಗಲಿಲ್ಲ. ಗಂಟಲಿನಲ್ಲಿ ನಿಂತು ಇನ್ನೂ ಏನನ್ನೋ ಹೇಳುತ್ತಲೇ ಇತ್ತು. ಗೂಬೆ ರೆಪ್ಪೆ ಬಡಿದ. ಒಂದಲ್ಲ, ಎರಡು ಸಲ.

ಯಾರೂ ನೋಡದೆ, ಯಾರೂ ಹೊಗಳದೆ, ಕತ್ತಲಲ್ಲಿ ಸುಮ್ಮನೆ ಮಲಗಿ ಒಂದು ವಸ್ತು ಇಷ್ಟು ಬೆಳೆಯಬಲ್ಲದೇ?

"ಯಾವುದು ತಾತ ಇದು?" ಕೇಳಿದವನು ಸಣ್ಣೆಜಮಾನ. ಒಂದು ಗುಟುಕು ಅವನಿಗೂ ಸಿಕ್ಕಿತ್ತು. ಪಂಡಿತನ ದನಿ ಪುಟ್ಟ ಹುಡುಗನದಾಗಿತ್ತು. "ಇಂಥದ್ದು ನಾನು ಯಾವತ್ತೂ ಕುಡಿದಿಲ್ಲ."

"ಕುಡಿದಿರೋಕೆ ಸಾಧ್ಯವಿಲ್ಲ ಸಣ್ಣೋರೇ. ಯಾರೂ ಕುಡಿದಿಲ್ಲ." ತಾತನ ಕಣ್ಣು ಇನ್ನೂ ಮುಚ್ಚಿತ್ತು. ಎದುರಿಗೆ ಯಾರಿದ್ದಾರೆಂಬುದನ್ನೇ ಮರೆತಂತೆ ನುಡಿದ. "ಗುಡ್ಡದ ಮೇಲಿನ ದ್ರಾಕ್ಷಿ ತೋಟದ ತುಂಡು, ಕಲ್ಲು ನೆಲ. ಆ ವರ್ಷ ಬಿಸಿಲು ಬಿಸಿಲು, ಹಣ್ಣು ಬಟಾಣಿಯಷ್ಟೇ ದಪ್ಪ. ಸಿಕ್ಕಿದ್ದೇ ಒಂದು ಪೀಪಾಯಿ. ನಿಮ್ಮ ತಂದೆ ಅಂದ್ರು, ಮಾರೋದು ಬೇಡ, ಸೊಸೆಯ ಹೆಸರಲ್ಲಿ ಇಡು ಅಂತ. ಅಮ್ಮಾವ್ರು ಈ ಮನೆಗೆ ಕಾಲಿಟ್ಟ ವರ್ಷದ್ದು. ಮೂವತ್ತೆರಡು ವರ್ಷ. ಆ ಮೂಲೆಯ ಜಾಲರಿ ಹಿಂದಿನ ಗೂಡಲ್ಲಿ. ಒಂದು ದಿನ ಮುಟ್ಟಿಲ್ಲ, ಜಾಗ ಬದಲಾಯಿಸಿಲ್ಲ. ಅದಕ್ಕೇ ಅವಕ್ಕೆ ಬೊಟ್ಟು..."

ಅಲ್ಲಿಗೆ ಕಣ್ಣು ತೆರೆದ. ತಾನು ಏನು ಹೇಳಿಬಿಟ್ಟೆ ಎಂಬುದು ಆ ಮುದಿ ಮುಖದ ಮೇಲೆ ನಿಧಾನವಾಗಿ ಇಳಿಯಿತು.

ಗೂಬೆಗೆ ಮುಳ್ಳು ಸಿಕ್ಕಿತು. ಕೀಲಿ ಇಸಿದುಕೊಳ್ಳುವಾಗ ಕೇಳಿದ್ದ ಮಾತು. ಗಷ್ಟು ಕೂತಿರೋದು ಆ ಕಡೆ. ಮೂವತ್ತೆರಡು ವರ್ಷ ಈ ಮನೆಯಲ್ಲಿದ್ದು, ಒಂದು ಹನಿ ಬಾಯಿಗೆ ಹಾಕದವರು. ಯಾರೂ ಕಿವಿ ಹಿಂಡಿ ಕಲಿಸದವರು. ಅವನನ್ನು ಕರೆದು ತಂದವರು.

ಇನ್ಸ್‌ಪೆಕ್ಟರ್ ಆಗಲೇ ಮೂಲೆಯ ಜಾಲರಿಯ ಮುಂದೆ ಟಾರ್ಚು ಹಿಡಿದಿದ್ದ. "ಇಲ್ಲೊಂದು ಜಾಗ ಖಾಲಿ ಇದೆ! ಬೀಗ ಒಡೆದಿಲ್ಲ." ಬೆರಳಷ್ಟು ಚಿಕ್ಕ ಹಿತ್ತಾಳೆ ಬೀಗವನ್ನು ಅಲುಗಾಡಿಸಿದ. "ಇದರ ಕೀಲಿ ಯಾರ ಹತ್ರ ಇರತ್ತೆ?"

ಹಿಂದೆ ಚಪ್ಪಲಿಯ ಸದ್ದಾಯಿತು. ಕೊನೆಯ ಮೆಟ್ಟಿಲಲ್ಲಿ ಅಮ್ಮಾವ್ರು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಬಲಗೈ ಮುಷ್ಟಿ ಕಟ್ಟಿತ್ತು. ಅವರು ನೋಡುತ್ತಿದ್ದದ್ದು ತಾತನನ್ನು. ಮೂರು ದಿನ ಬತ್ತಿದ್ದ ಕಣ್ಣು ಈಗ ತುಂಬಿತ್ತು. ಮುಷ್ಟಿ ಸಡಿಲಾಯಿತು. ತುಟಿ ತೆರೆಯಿತು.

"ನನ್ನ ಹತ್ರ," ಎಂದಿತು ದನಿ.

ತಾತನ ದನಿ.

ಅವನು ಗ್ಲಾಸನ್ನು ಪೀಪಾಯಿಯ ಮೇಲೆ ಒಂದು ಹನಿ ತುಳುಕದಂತೆ ಇಟ್ಟು, ಎರಡೂ ಕೈಗಳನ್ನು ಇನ್ಸ್‌ಪೆಕ್ಟರ್ ಮುಂದೆ ಚಾಚಿದ.

"ಕೀಲಿ ಮೊದಲಿಂದಲೂ ನನ್ನ ಹತ್ರಾನೇ. ಬಾಟ್ಲಿ ತೆಗೆದೋನೂ ನಾನೇ, ಬೊಟ್ಟು ಇಟ್ಟೋನೂ ನಾನೇ, ವಿಷ ಹಾಕಿದ್ದೂ ನಾನೇ. ಬರೆದ್ಕೊಳ್ಳಿ ಸಾಹೇಬ್ರೇ." ಮೆಟ್ಟಿಲ ಕಡೆ ತಿರುಗದೆಯೇ ಸೇರಿಸಿದ, "ನೀವು ಮೇಲೆ ಹೋಗಿ ತಾಯಿ. ಇಲ್ಲಿ ತುಂಬ ತಂಡಿ."

ಹೊರಗೆ ಜೀಪು ಹಾರ್ನ್ ಹೊಡೆಯಿತು.

ಗೂಬೆ ಆ ಚಾಚಿದ ಕೈಗಳನ್ನೇ ನೋಡಿದ. ಬಾಟಲಿ ಹಿಡಿದಾಗ ಹೇಗಿದ್ದವೋ ಹಾಗೆಯೇ ಇದ್ದವು. ಒಂದು ಕೂದಲೆಳೆಯಷ್ಟೂ ನಡುಗುತ್ತಿರಲಿಲ್ಲ.